ಸಂಧಿವಾತವಿರುವ ಮಹಿಳೆಯರಲ್ಲಿ ಸ್ನಾಯು ಕ್ಷೀಣತೆ: ವ್ಯಾಯಾಮ, ಆಹಾರ ಹಾಗೂ ಲಭ್ಯವಿರುವ ಸೌಲಭ್ಯಗಳು

(ಬೀರೂರು ಪಟ್ಟಣ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ರೋಗದ ಸ್ವರೂಪ:
ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವುದರಿಂದ ರುಮಟಾಯ್ಡ್ ಸಂಧಿವಾತ ಉಂಟಾಗುತ್ತದೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಊತ ಹಾಗೂ ಬೆಳಗಿನ ಹೊತ್ತು ಬೆರಳುಗಳು ದೀರ್ಘಕಾಲ ಬಿಗಿದುಕೊಂಡಿರುವುದು ಇದರ ಮುಖ್ಯ ಲಕ್ಷಣಗಳಾಗಿವೆ.

ಸ್ನಾಯು ಕ್ಷೀಣತೆ:
ಕೀಲಿನ ಉರಿಯೂತವು ಸ್ನಾಯುಗಳನ್ನೂ ಕರಗಿಸುತ್ತದೆ. ನೋವಿನಿಂದ ಚಲನೆ ಕಡಿಮೆಯಾಗುವುದು ಹಾಗೂ ಸ್ಟೀರಾಯ್ಡ್ ಮಾತ್ರೆಗಳ ದೀರ್ಘಕಾಲದ ಸೇವನೆ ಇದನ್ನು ಹೆಚ್ಚಿಸುತ್ತವೆ. ಕರಗಿದ ಸ್ನಾಯುವಿನ ಸ್ಥಾನವನ್ನು ಕೊಬ್ಬು ತುಂಬಿಕೊಳ್ಳುವುದರಿಂದ ದೇಹದ ತೂಕ ಮೊದಲಿನಷ್ಟೇ ಇರಬಹುದು. ಆದುದರಿಂದ ತೂಕವನ್ನು ಮಾತ್ರ ನಂಬದೆ ಕೆಳಕಂಡ ಬದಲಾವಣೆಗಳನ್ನು ಗಮನಿಸತಕ್ಕದ್ದು:
1. ನೆಲದಿಂದ ಅಥವಾ ಕುರ್ಚಿಯಿಂದ ಏಳಲು ಕೈ ಊರಬೇಕಾಗುವುದು.
2. ತುಂಬಿದ ಬಿಂದಿಗೆ ಎತ್ತಲಾಗದಿರುವುದು.
3. ಅಡಿಕೆ ಸುಲಿಯುವಾಗ ಕೈಹಿಡಿತ ಸಡಿಲವಾಗುವುದು.

ವ್ಯಾಯಾಮ:
ಸಂಪೂರ್ಣ ವಿಶ್ರಾಂತಿಯಿಂದ ಸ್ನಾಯುಗಳು ಮತ್ತಷ್ಟು ದುರ್ಬಲವಾಗುತ್ತವೆ. ಮನೆಗೆಲಸ ಮಾಡುವುದರಿಂದಲೇ ಸ್ನಾಯುಬಲ ಮರಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂತಹ ಚಟುವಟಿಕೆ ಹಾಗೂ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ತಳ್ಳುವುದು ಇವುಗಳಿಂದ ಆರಂಭಿಸಿ, ಭೌತಚಿಕಿತ್ಸಕರ ಸಲಹೆಯಂತೆ ಕ್ರಮೇಣ ಹೆಚ್ಚಿಸಬಹುದು. ಕೀಲು ಊದಿ ಬಿಸಿಯಾಗಿರುವ ದಿನಗಳಲ್ಲಿ ಭಾರ ಬಳಸದೆ, ಕೀಲನ್ನು ನಿಧಾನವಾಗಿ ಮಡಿಸಿ ಚಾಚುವುದಷ್ಟೇ ಸೂಕ್ತ.

ಆಹಾರ:
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನವೊಂದಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅಗತ್ಯ, 50 ಕೆ.ಜಿ. ತೂಕದ ಮಹಿಳೆಗೆ ಇದು ಸುಮಾರು 42 ಗ್ರಾಂ. ರಾಗಿಮುದ್ದೆಯಿಂದ ಕ್ಯಾಲ್ಸಿಯಂ ಚೆನ್ನಾಗಿ ದೊರೆತರೂ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಆದ್ದರಿಂದ ತಿಳಿಸಾರಿನ ಬದಲು ಗಟ್ಟಿ ಕಾಳಿನ ಸಾರು, ಹಾಲು, ಮೊಸರು ಬಳಸುವುದು ಒಳ್ಳೆಯದು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿ ಪ್ರಮಾಣ ನಿಗದಿಪಡಿಸಿಕೊಳ್ಳತಕ್ಕದ್ದು.

ಔಷಧಿ:
ಉರಿಯೂತ ಹತೋಟಿಗೆ ಬಾರದೆ ವ್ಯಾಯಾಮ, ಆಹಾರಗಳ ಪೂರ್ಣ ಫಲ ದೊರೆಯುವುದಿಲ್ಲ. ಸಂಧಿವಾತಕ್ಕೆ ನೀಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಪ್ರತಿದಿನ ಸೇವಿಸಿದಲ್ಲಿ ಪ್ರಾಣಾಪಾಯವಿದೆ. ಗರ್ಭಿಣಿಯರು ಇದನ್ನು ಸೇವಿಸುವಂತಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬಾರದು.

ಸೌಲಭ್ಯಗಳು:
1. ಕಡೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಅಗತ್ಯವಿದ್ದಲ್ಲಿ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು.
2. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಸೌಲಭ್ಯವಿದೆ. ಆಧಾರ್ ಹಾಗೂ ಪಡಿತರ ಚೀಟಿಯನ್ನು ಹಾಜರುಪಡಿಸಬೇಕು.
3. ಕೀಲುಗಳು ಶಾಶ್ವತವಾಗಿ ವಿರೂಪಗೊಂಡು ಚಲನೆ ಕುಂಠಿತವಾಗಿದ್ದಲ್ಲಿ, ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಡಿ ಪ್ರಮಾಣಪತ್ರಕ್ಕೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ರೋಗವಿದೆ ಎಂಬ ಒಂದೇ ಕಾರಣ ಸಾಲದು. ವೈದ್ಯಕೀಯ ಪ್ರಾಧಿಕಾರವು ನ್ಯೂನತೆಯ ಪ್ರಮಾಣವನ್ನು ನಿರ್ಧರಿಸುತ್ತದೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು.

ಕೀಲು ಒಮ್ಮೆ ವಿರೂಪಗೊಂಡಲ್ಲಿ ಔಷಧಿಯಿಂದ ಸರಿಹೋಗುವುದಿಲ್ಲ. ಕಳೆದುಕೊಂಡ ಸ್ನಾಯುಬಲವನ್ನಾದರೋ ಬಹುಮಟ್ಟಿಗೆ ಮರಳಿ ಪಡೆಯಬಹುದಾಗಿದೆ. ಆದುದರಿಂದ ಊತ ಕಂಡ ಕೂಡಲೇ ವೈದ್ಯರನ್ನು ಸಂಪರ್ಕಿಸಲು ಕೋರಲಾಗಿದೆ.