ಪಟದೊಳಗಿನ ಪಂಚರು

ಮಿರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲು ಕೃಷ್ಣೆಯ ಸೇತುವೆಯನ್ನು ಮುಟ್ಟುವ ಮೊದಲು ನಿಲ್ಲುವ ನಿಲ್ದಾಣಗಳಲ್ಲಿ ಶೇಡಬಾಳವೂ ಒಂದು. ಹಿಂದೆ ಪಟವರ್ಧನ ಮನೆತನದ ಒಂದು ಶಾಖೆಯ ಜಹಗೀರಿಗೆ ಮುಖ್ಯಸ್ಥಳವಾಗಿದ್ದು, ಬಳಿಕ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಅಥಣಿ ತಾಲೂಕಿಗೆ ಸೇರಿ, 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದೊಳಕ್ಕೆ ಬಂದು, ಈಗ ಕಾಗವಾಡ ತಾಲೂಕಿನಲ್ಲಿರುವ ಈ ಊರು ಹೊರಗಿನವರಿಗೆ ಮುಖ್ಯವಾಗಿ ಜೈನಧರ್ಮದ ಸಂಬಂಧದಿಂದ ಪರಿಚಿತ; ಮುನಿ ವಿದ್ಯಾನಂದರು 1925ರಲ್ಲಿ ಜನಿಸಿದುದು ಇಲ್ಲಿಯೇ. ಆದರೆ ಕೃಷ್ಣೆಯ ದಂಡೆಯ ಈ ಭಾಗದಲ್ಲಿ, ಕಬ್ಬು ಜೋಳಗಳ ಈ ಕರಿನೆಲದಲ್ಲಿ, ದೇವರ ಪಟ ಮುನಿಗಳ ಪಟ ಹಿರಿಯರ ಪಟಗಳ ಸಾಲಿನಲ್ಲಿಯೇ ಸರಿಸಮನಾಗಿ ತೂಗುವ ಇನ್ನೊಂದು ಬಗೆಯ ಪಟವುಂಟು: ಅದು ಕುಸ್ತಿಯ ಪಟ.

ಇಂತಹ ಪಟವೊಂದನ್ನು ಮೊಳೆಯಿಂದ ಕಳಚಿ ಬೆಳಕಿಗೆ ಹಿಡಿದು ನೋಡಿರಿ. ಅಂಚುಗಳು ಹಳದಿಗಟ್ಟಿ, ಒಂದು ಮೂಲೆಯನ್ನು ಹುಳು ತಿಂದಿರುತ್ತದೆ. ನಡುವೆ ಕೆದರಿದ ಮಣ್ಣು. ಆ ಮಣ್ಣಿನ ಮೇಲೆ ಒಬ್ಬರನ್ನೊಬ್ಬರು ತೆಕ್ಕೆಹಾಕಿಕೊಂಡ ಇಬ್ಬರು ಲಂಗೋಟಿಯ ಪೈಲ್ವಾನರು. ಹಿಂದೆ ಎತ್ತರದ ಬದುವಿನ ಮೇಲೆ ಪಟಕಾ ಟೊಪ್ಪಿಗೆಗಳ ಸಾಂದ್ರವಾದ ಜನಸಮೂಹ. ಬದಿಯಲ್ಲಿ ಹಲಗೆಯವನ ಎತ್ತಿದ ಕೈ. ಪೈಲ್ವಾನರಲ್ಲಿ ಒಬ್ಬನು ಯಾರೆಂಬುದನ್ನು ಮನೆಯವರು ಕೂಡಲೆ ಹೇಳುವರು, ಏಕೆಂದರೆ ಆತನ ದೆಸೆಯಿಂದಲೇ ಪಟವು ಗೋಡೆಯನ್ನೇರಿದುದು. ಸೋತವನ ಹೆಸರೂ, ಗೆದ್ದವನ ಕೀರ್ತಿಯನ್ನು ಹೆಚ್ಚಿಸುವ ಕಾರಣದಿಂದ, ನೆನಪಿನಲ್ಲಿ ಉಳಿದಿರುವುದುಂಟು. ಆದರೆ ಅವರಿಬ್ಬರಿಂದ ಎರಡು ಮೊಳ ದೂರದಲ್ಲಿ ಸೊಂಟ ಬಗ್ಗಿಸಿ, ಮೊಣಕಾಲ ಮೇಲೆ ಕೈಯೂರಿ, ಕೆಳಗಿದ್ದವನ ಭುಜಕ್ಕೂ ನೆಲಕ್ಕೂ ನಡುವಣ ಬೆಳಕಿನ ಎಳೆಯನ್ನೇ ನೋಡುತ್ತ ನಿಂತ ಧೋತರದ ಮನುಷ್ಯನು ಯಾರು ಎಂದು ಕೇಳಿದರೆ, “ಅವ್ರು ಪಂಚರ್ರಿ” ಎಂಬ ಉತ್ತರ ಬಂದು, ಮಾತು ಅಲ್ಲಿಗೇ ನಿಲ್ಲುವುದು.

ಪಂಚರೆಂಬ ಶಬ್ದವನ್ನು ಸ್ವಲ್ಪ ವಿಚಾರಿಸತಕ್ಕುದು. ಹೊಲದ ಬದುವಿನ ವ್ಯಾಜ್ಯವನ್ನೂ ಅಣ್ಣತಮ್ಮಂದಿರ ಪಾಲನ್ನೂ ತೀರಿಸುವ ಊರ ಹಿರಿಯರಿಗೆ ಯಾವ ಹೆಸರೋ, ಕುಸ್ತಿಯ ಕಣದಲ್ಲಿ ಸೋಲು ಗೆಲವುಗಳನ್ನು ಸಾರುವವನಿಗೂ ಅದೇ ಹೆಸರು. ಮರಾಠಿಯಲ್ಲಿ ಎಲ್ಲ ಆಟಗಳ ನಿರ್ಣಾಯಕನಿಗೂ ಇಂದಿಗೂ ಅದೇ ಮಾತು ಸಲ್ಲುವುದರಿಂದ, ಎರಡೂ ನುಡಿಗಳನ್ನು ಒಂದೇ ಉಸಿರಿನಲ್ಲಿ ಆಡುವ ಈ ಗಡಿನಾಡಿನಲ್ಲಿ ಅದು ಇನ್ನಷ್ಟು ಬೇರೂರಿತು. ಒಬ್ಬನೇ ನಿಂತಿದ್ದರೂ ಬಹುವಚನದ ಗೌರವವನ್ನು ಪಡೆಯುವ ಈ ಪದವಿಯಲ್ಲಿ, ವ್ಯಕ್ತಿಯ ಹೆಸರು ಸ್ಥಾನದ ಹೆಸರಿನೊಳಗೆ ಮುಳುಗಿಹೋಗುವುದು ಸಹಜ. ಜನರು ಪಂಚರ ಹೆಸರನ್ನು ನೆನಪಿಡುವುದು ಅವರ ನಿರ್ಣಯ ವಿವಾದಕ್ಕೆ ಎಡೆಮಾಡಿದಾಗಲೇ; ಆದುದರಿಂದ ಮರೆವು ಅವರ ಪಾಲಿಗೆ ಒಂದು ಬಗೆಯ ಪ್ರಶಸ್ತಿಪತ್ರವೂ ಅಹುದು. ಆ ಮರೆವಿನೊಳಗಿಂದ ಒಬ್ಬನನ್ನು ಗುರುತಿಸಿ ಹೊರಗೆಳೆಯಬೇಕಾದಾಗ ಮಾತ್ರ ಆ ಪ್ರಶಸ್ತಿಯೇ ನಮಗೆ ತೊಡಕಾಗುತ್ತದೆ.

ಹಳೆಯ ಪಟದಲ್ಲಿ ನಿರ್ಣಾಯಕನನ್ನು ಗುರುತಿಸುವ ಈ ವಿದ್ಯೆಯ ಮೊದಲ ಪಾಠಗಳನ್ನು ಫುಟ್‌ಬಾಲ್ ಆಟದ ಹಳೆಯ ಚಿತ್ರಗಳಿಂದ ಕಲಿಯುವುದು ಸುಲಭ, ಏಕೆಂದರೆ ಅಲ್ಲಿ ನಿರ್ಣಾಯಕನ ಸ್ಥಾನವೂ ವೇಷವೂ ನಿಯಮಗಳೊಡನೆ ಬದಲಾಗುತ್ತ ಬಂದಿವೆ. ಇಂಗ್ಲೆಂಡಿನಲ್ಲಿ ಮೊದಮೊದಲು ಎರಡು ಪಕ್ಷಗಳವರೂ ತಮ್ಮ ತಮ್ಮ ಅಂಪೈರನನ್ನು ನಿಲ್ಲಿಸುತ್ತಿದ್ದರು. ಅವರಿಬ್ಬರಲ್ಲಿ ಒಮ್ಮತ ಹುಟ್ಟದಿದ್ದಾಗ ತೀರ್ಪು ಕೊಡಲು ಮೂರನೆಯವನೊಬ್ಬನು ಅಂಗಣದ ಹೊರಗಿರುತ್ತಿದ್ದನು. ಆ ಮೂರನೆಯವನೇ ರೆಫರಿ. 1891ರಲ್ಲಿ ಆತನು ಅಂಗಣದೊಳಕ್ಕೆ ಬಂದನು, ಅಂಪೈರರು ಗೆರೆಯಾಚೆಗೆ ಸರಿದು ಲೈನ್ಸ್‌ಮನ್ನರಾದರು. ಹೀಗಿರಲು, ಅದಕ್ಕೂ ಹಿಂದಿನ ಚಿತ್ರವೊಂದರ ನಡುವಂಗಣದಲ್ಲಿ ಉಡುಪು ಬೇರೆಯಾದವನೊಬ್ಬನನ್ನು ಕಂಡು ಇವನೇ ರೆಫರಿಯೆಂದು ನಿರ್ಧರಿಸುವುದು ಸಾಹಸವೇ ಸರಿ. ಅಂಗಣದ ಗುರುತುಗಳೂ ಕಾಲವನ್ನು ಹೇಳುತ್ತವೆ: ದಂಡದ ಚೌಕದ ಮುಂದಣ ಕಮಾನುಗೆರೆ ಕಂಡಿತೆಂದರೆ ಚಿತ್ರವು 1937ಕ್ಕಿಂತ ಹಿಂದಿನದಾಗಲಾರದು, ರೆಫರಿಯ ಕೈಯಲ್ಲಿ ಹಳದಿಯ ಅಥವಾ ಕೆಂಪಿನ ಚೀಟಿಯಿದ್ದರೆ ಅದು 1970ರ ಮೆಕ್ಸಿಕೋ ವಿಶ್ವಕಪ್ಪಿನ ಕಾಲದ್ದು ಅಥವಾ ಅದರ ಈಚಿನದು.

ವೇಷದ ಮಾತಿಗೆ ಬಂದರೆ, 1930ರ ಜುಲೈ 30ರಂದು ಮಾಂಟೆವಿಡಿಯೋದಲ್ಲಿ ನಡೆದ ಮೊದಲ ವಿಶ್ವಕಪ್ಪಿನ ಅಂತಿಮ ಪಂದ್ಯದ ಚಿತ್ರಗಳಷ್ಟು ಉಪಕಾರಿಯಾದ ಉದಾಹರಣೆ ವಿರಳ. ಉರುಗ್ವೆ ಮತ್ತು ಅರ್ಜೆಂಟೀನಾದ ನಾಯಕರ ನಡುವೆ ಕೋಟು ತೊಟ್ಟು, ಟೈ ಕಟ್ಟಿ, ಮೊಣಕಾಲ ಕೆಳಗೆ ಬಿಗಿದ ಸಡಿಲವಾದ ಚಣ್ಣದಲ್ಲಿ, ಆಟಕ್ಕೆ ಬಂದವನಿಗಿಂತ ಹೆಚ್ಚಾಗಿ ಬೀಗರ ಮನೆಗೆ ಹೊರಟವನಂತೆ ನಿಂತಿರುವ ಎತ್ತರದ ಆ ಮನುಷ್ಯನು ಬೆಲ್ಜಿಯಮ್ಮಿನ ಜಾನ್ ಲಾಂಗೆನಸ್. ಯಾರ ಚೆಂಡಿನಿಂದ ಆಡಬೇಕೆಂಬುದಕ್ಕೇ ಉಭಯಪಕ್ಷಗಳು ಕಲಹಕ್ಕೆ ನಿಂತ ಪಂದ್ಯವದು. ಮೊದಲರ್ಧವನ್ನು ಒಬ್ಬರ ಚೆಂಡಿನಿಂದಲೂ ಎರಡನೆಯ ಅರ್ಧವನ್ನು ಮತ್ತೊಬ್ಬರದರಿಂದಲೂ ಆಡಿಸಿ ಆ ದಿನವನ್ನು ದಾಟಿಸಲಾಯಿತು. ನಮ್ಮ ದೇಶದ ನಿದರ್ಶನವೂ ಉಂಟು. 1911ರ ಜುಲೈ 29ರಂದು ಕಲಕತ್ತೆಯಲ್ಲಿ ಮೋಹನ ಬಾಗಾನವು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಾಗ, ಒಬ್ಬನ ಹೊರತು ಉಳಿದೆಲ್ಲರೂ ಬರಿಗಾಲಿನಲ್ಲಿ ಆಡಿದ ಆ ಹನ್ನೊಂದು ಜನರ ಚಿತ್ರವು ವಂಗದೇಶದ ಪೂಜಾವಸ್ತುವಾಯಿತು. ಅಂದು ಸೀಟಿ ಊದಿದವನ ಹೆಸರು ಎಚ್. ಜಿ. ಪುಲ್ಲರ್ ಎಂಬುದು ಹಳೆಯ ವರದಿಗಳನ್ನು ಹುಡುಕುವವರಿಗೆ ಮಾತ್ರ ತಿಳಿದ ಸಂಗತಿಯಾಗಿ ಉಳಿಯಿತು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುದನ್ನು ಹೆಮ್ಮೆಯಿಂದ ಹೇಳುವ ಕನ್ನಡಿಗನಿಗೂ, ಆ ಗೆಲವನ್ನು ಗೆಲವೆಂದು ಸಾರಿದ ರೆಫರಿ ಯಾರೆಂಬ ಪ್ರಶ್ನೆ ಹೊಳೆಯುವುದು ಅಪೂರ್ವ. ಅಹಮದ್ ಖಾನರಂತಹ ಬೆಂಗಳೂರಿನ ಆಟಗಾರರು ಬರಿಗಾಲಿನಲ್ಲಿ ಚೆಂಡನ್ನು ಪಳಗಿಸುತ್ತಿದ್ದ ಕಾಲದ ಚಿತ್ರಗಳಲ್ಲಿ, ಬೇರೆ ಗುರುತುಗಳೆಲ್ಲ ಮಸುಕಾದಾಗ, ಕಾಲುಗಳನ್ನು ನೋಡಬೇಕು. ಬರಿಗಾಲುಗಳ ನಡುವೆ ಬೂಟು ಮೆಟ್ಟಿದವನು ಎದುರುಪಕ್ಷದವನಲ್ಲದಿದ್ದರೆ ರೆಫರಿಯಾಗಿರುವುದು ಬಹುಮಟ್ಟಿಗೆ ಸಂಭವ.

ಕುಸ್ತಿಯ ಪಟಕ್ಕೆ ಮರಳಿದೊಡನೆ ಈ ಪಾಠಗಳಲ್ಲಿ ಅರ್ಧವನ್ನು ಕಳೆದುಕೊಂಡಂತಾಗುತ್ತದೆ. ಇಲ್ಲಿ ಪಂಚರಿಗೆ ಪ್ರತ್ಯೇಕವಾದ ವೇಷವಿಲ್ಲ. ಧೋತರ, ಅಂಗಿ ಅಥವಾ ಗುಂಡಿಯ ಕೋಟು, ತಲೆಗೆ ಪಟಕಾ: ಪಂಚರೂ ಇದನ್ನೇ ಧರಿಸಿರುವರು, ಇನಾಮು ಕೊಡುವ ಗೌಡರೂ ಇದನ್ನೇ, ಜೋಡಿ ಕಟ್ಟಿದ ವಸ್ತಾದರೂ ಇದನ್ನೇ. ನಿಕಾಲಿ ಕುಸ್ತಿಯೆಂದರೆ ಬೆನ್ನು ಮಣ್ಣಿಗೆ ತಾಗುವವರೆಗೂ ನಡೆಯತಕ್ಕ ಕುಸ್ತಿ. ಅಲ್ಲಿ ಗಡಿಯಾರಕ್ಕಾಗಲಿ ಅಂಕಗಳ ಲೆಕ್ಕಕ್ಕಾಗಲಿ ಕೆಲಸವಿಲ್ಲ, ಆದುದರಿಂದ ಪಂಚರ ಕೈಯಲ್ಲಿ ಗುರುತಿಗೆ ಒದಗುವ ಉಪಕರಣವೂ ಇಲ್ಲ. ಜಾತ್ರೆಯ ದಿನ ಮಧ್ಯಾಹ್ನ ಕೊಬ್ಬರಿ ಬಟ್ಟಲಿನ ಇನಾಮಿಗೆ ಸೆಣಸುವ ಚಿಕ್ಕ ಹುಡುಗರಿಂದ ಮೊದಲ್ಗೊಂಡು, ಸಂಜೆಗೆ ಬೆಳ್ಳಿಯ ಕಡಗದ ದೊಡ್ಡ ಜೋಡಿಯವರೆಗೆ ಕಣದಲ್ಲಿ ಹಿರಿಯರು ಒಬ್ಬರ ಹಿಂದೊಬ್ಬರಂತೆ ಹೋಗಿಬರುತ್ತಿರುವಾಗ, ಮಣ್ಣಿನ ಮೇಲೆ ನಿಂತ ಪಟಕಾದವರೆಲ್ಲ ಪಂಚರೆಂದು ಭಾವಿಸುವ ಹಾಗೂ ಇಲ್ಲ.

ಆದರೂ ಗುರುತುಗಳಿಲ್ಲದೆ ಇಲ್ಲ. ಮೊದಲನೆಯದು ನಿಲುವು. ಇನಾಮಿನ ಧಣಿಯು ಕ್ಯಾಮೆರಾವನ್ನು ನೋಡುವನು. ವಸ್ತಾದನು ತನ್ನ ಶಿಷ್ಯನ ಮುಖವನ್ನು ನೋಡುವನು. ಪಂಚರು ಮಾತ್ರ ನೆಲವನ್ನು ನೋಡುವರು. ಎರಡನೆಯದು ಕೈ. ಕುಸ್ತಿ ಹಿಡಿಯುವ ಮೊದಲು ಇಬ್ಬರು ಪೈಲ್ವಾನರನ್ನೂ ಎಡಬಲಗಳಲ್ಲಿ ಹಿಡಿದು ಕಣದ ಸುತ್ತ ತಿರುಗಿಸಿ ಜನರಿಗೆ ಜೋಡಿಯನ್ನು ತೋರಿಸುವ ವಾಡಿಕೆಯುಂಟು. ಕೊನೆಯಲ್ಲಿ ಗೆದ್ದವನ ಕೈಯನ್ನು ಎತ್ತುವ ವಾಡಿಕೆಯೂ ಉಂಟು. ಇವೆರಡರಲ್ಲಿ ಒಂದು ಗಳಿಗೆ ಪಟದಲ್ಲಿ ಸೆರೆಯಾಗಿದ್ದರೆ ಹುಡುಕಾಟ ಬಹಳ ಹಗುರಾಗುತ್ತದೆ. ಮೂರನೆಯದು, ನನ್ನ ಮಟ್ಟಿಗೆ ಅತ್ಯಂತ ನಂಬಿಗೆಯದು, ಕಿವಿ. ತಾಲೀಮಿನ ಮಣ್ಣಿನಲ್ಲಿ ವರ್ಷಾನುಗಟ್ಟಲೆ ತಲೆಗೆ ತಲೆ ಉಜ್ಜಿದವನ ಕಿವಿಯು ಒಳಗೆ ರಕ್ತ ಕಟ್ಟಿ, ಮುರುಟಿ, ಗಟ್ಟಿಯಾಗಿ, ಹುರಿದ ಹಪ್ಪಳದ ಅಂಚಿನಂತೆ ಮಡಿಚಿಕೊಳ್ಳುವುದು. ಹಾಗಾದ ಕಿವಿಯು ಮತ್ತೆ ಮೊದಲಿನಂತಾಗುವುದಿಲ್ಲ. ಪಂಚರ ಸ್ಥಾನಕ್ಕೆ ಸಾಮಾನ್ಯವಾಗಿ ಹಳೆಯ ಪೈಲ್ವಾನರನ್ನೇ ಕರೆಯುತ್ತಿದ್ದುದರಿಂದ, ಒಂದೇ ಬಗೆಯ ಪಟಕಾ ಸುತ್ತಿದ ಇಬ್ಬರು ಹಿರಿಯರಲ್ಲಿ ಧಣಿ ಯಾರು ಪಂಚರು ಯಾರು ಎಂಬ ಸಂದೇಹವುಂಟಾದಾಗ, ಭೂತಗನ್ನಡಿಯನ್ನು ಪಟಕಾದ ಅಂಚಿನ ಕೆಳಗೆ ಹಿಡಿಯುವುದು ಒಳ್ಳೆಯದು. ಧಣಿಗೂ ತಾರುಣ್ಯದಲ್ಲಿ ಗರಡಿಮನೆಯ ಗೀಳಿದ್ದರೆ ಈ ಗುರುತೂ ನಮ್ಮನ್ನು ಮೋಸಗೊಳಿಸೀತು. ಆದುದರಿಂದ ಕಿವಿಯನ್ನು ನಿಲುವಿನೊಡನೆ ಕೂಡಿಸಿಯೇ ಓದತಕ್ಕುದು.

ಹಳೆಯ ಕ್ಯಾಮೆರಾಗಳು ತಮ್ಮ ದೋಷದಿಂದಲೇ ನಮಗೆ ಮಾಡಿರುವ ಉಪಕಾರವೊಂದನ್ನು ಇಲ್ಲಿ ಹೇಳಬೇಕು. ಗಾಜಿನ ಫಲಕದ ಮೇಲೆ ಬಿಂಬ ಮೂಡಲು ಹೆಚ್ಚು ಹೊತ್ತು ಬೆಳಕು ಬೇಕಾಗುತ್ತಿದ್ದ ಕಾಲದಲ್ಲಿ, ಚಲಿಸಿದುದೆಲ್ಲ ಮಸುಕಾಗಿ, ಅಲುಗದೆ ನಿಂತುದು ಮಾತ್ರ ಸ್ಫುಟವಾಗಿ ಮೂಡುತ್ತಿತ್ತು. ಪರಿಣಾಮವಾಗಿ, ಯಾರ ಪರಾಕ್ರಮಕ್ಕಾಗಿ ಪಟವನ್ನು ತೆಗೆಸಲಾಯಿತೋ ಆ ಪೈಲ್ವಾನರ ತೋಳುಗಳು ಹೊಗೆಯಂತೆ ಕದಡಿಹೋಗಿ, ಯಾರ ಹೆಸರನ್ನು ಯಾರೂ ಬರೆದಿಡಲಿಲ್ಲವೋ ಆ ಪಂಚರ ಮೀಸೆಯ ಎಳೆಗಳು ಎಣಿಸಬರುವಂತೆ ಉಳಿದಿರುವುದುಂಟು.

ಮುಂಭಾಗವನ್ನು ಓದಿ ಮುಗಿದ ಬಳಿಕ ಪಟವನ್ನು ತಿರುವಬೇಕು. ಶೇಡಬಾಳದವರಿಗೆ ರೈಲು ಬಂದಂದಿನಿಂದ ಮಿರಜವು ಮಗ್ಗುಲಿನ ಊರು. ಅಲ್ಲಿಂದ ಸಾಂಗಲಿಯೂ ಕೊಲ್ಹಾಪುರವೂ ದೂರವಲ್ಲ. ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗದ ಕುಸ್ತಿ ಮೈದಾನವನ್ನು ಕಟ್ಟಿಸಿದ ಕೊಲ್ಹಾಪುರವೇ ಬಾಬೂರಾವ್ ಪೇಂಟರರು ಕ್ಯಾಮೆರಾವನ್ನು ಪಳಗಿಸಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ನಡೆಸಿದ ಊರೂ ಆದುದರಿಂದ, ಕುಸ್ತಿ ಮತ್ತು ಛಾಯಾಚಿತ್ರಗಳೆರಡೂ ಈ ಸೀಮೆಗೆ ಒಂದೇ ದಿಕ್ಕಿನಿಂದ ಬಲಪಡೆದವೆನ್ನಬಹುದು. ರಟ್ಟಿನ ಕೆಳಮೂಲೆಯಲ್ಲಿ ಒತ್ತಿದ ಸ್ಟುಡಿಯೋದ ಮುದ್ರೆಯು ಪಟದ ಊರನ್ನು ಹೇಳೀತು. ಹಿಂದೆ ಗೀಚಿದ ಬರಹವು ಮೋಡಿ ಲಿಪಿಯಲ್ಲಿದ್ದರೆ ಲೆಕ್ಕದ ವಹಿ ಬರೆದು ಕೈಪಳಗಿದ ಹಳೆಯ ತಲೆಮಾರಿನವರದೆಂದೂ, ಬಾಲಬೋಧದಲ್ಲಿಯೋ ಕನ್ನಡದಲ್ಲಿಯೋ ಇದ್ದರೆ ಶಾಲೆಯಲ್ಲಿ ಅಕ್ಷರ ಕಲಿತವರದಾಗಿರಬಹುದೆಂದೂ ಊಹಿಸಬಹುದು. ಎಲ್ಲರ ಕೋಟಿನ ಗುಂಡಿಗಳೂ ವಿರುದ್ಧವಾದ ಬದಿಗೆ ಕಂಡರೆ, ಫಲಕವನ್ನು ಮಗುಚಿಟ್ಟು ಮುದ್ರಿಸಿರುವರೆಂದು ತಿಳಿದು, ಎಡಬಲಗಳ ವಿಷಯದಲ್ಲಿ ಮಾಡಿದ ತರ್ಕವನ್ನೆಲ್ಲ ತಿದ್ದಿಕೊಳ್ಳಬೇಕು.

ಎಷ್ಟು ಎಚ್ಚರ ವಹಿಸಿದರೂ ಒಂದು ಪ್ರಲೋಭನೆ ಉಳಿದೇ ಇರುತ್ತದೆ, ಅದು ಪ್ರೀತಿಯಿಂದ ಹುಟ್ಟಿದುದು. ಊರಿಗೆ ಹೆಸರಾದ ಹಿರಿಯರೊಬ್ಬರು ಇದ್ದರೆಂದರೆ, ಸುತ್ತಲಿನ ಹತ್ತು ಪಟಗಳಲ್ಲಿ ನಿಂತ ಹತ್ತು ಪಂಚರೂ ಅವರೇ ಎಂದು ಮೊಮ್ಮಕ್ಕಳು ನಂಬುವರು. ಒಮ್ಮೆ ಶಾಯಿಯಲ್ಲಿ ಬರೆದ ಹೆಸರು ಮುಂದಿನವರಿಗೆ ಪ್ರಮಾಣವಾಗುವುದು. ಹೀಗೆ ಒಬ್ಬರಿಗೆ ಸಂದ ಗೌರವವು ಒಂಬತ್ತು ಮಂದಿಯಿಂದ ಕಸಿದುದಾಗಬಹುದೆಂಬ ಶಂಕೆ ಬರೆದವನಿಗೆ ಬರುವುದಿಲ್ಲ. ಇದೇ ಸೀಮೆಯ ತಾಲೀಮಿನ ಪರಂಪರೆಯಿಂದ ಮೇಲೆ ಬಂದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗಳಿಸಿ ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವಿಜೇತರಾದರು; ಅವರು ಹೋರಾಡಿದ ಚಾಪೆಯ ಕುಸ್ತಿಯಲ್ಲಿ ನಿರ್ಣಾಯಕರ ಹೆಸರುಗಳು ಕಾಗದಕ್ಕೆ ಏರುತ್ತವೆ, ಇಂದಿನ ರೆಫರಿಯ ಎರಡು ಮುಂಗೈಗಳಲ್ಲಿ ಕೆಂಪು ನೀಲಿ ಪಟ್ಟಿಗಳೂ ಇರುತ್ತವೆ. ಜಾತ್ರೆಯ ಮಣ್ಣಿನ ಪಂಚರಿಗೆ ಕಾಗದವೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಅವರಿಗಿರುವುದು ಈ ಪಟವೊಂದೇ.

ಆದಕಾರಣ ಪಟವನ್ನು ಓದುವವನು ಪಂಚರ ನಿಯಮವನ್ನೇ ತನಗೂ ಹಾಕಿಕೊಳ್ಳುವುದು ಲೇಸು. ನಿಕಾಲಿ ಕುಸ್ತಿಯಲ್ಲಿ ಒಂದು ಭುಜ ಮಣ್ಣಿಗೆ ಹತ್ತಿದ ಮಾತ್ರಕ್ಕೆ, ಬದುವಿನ ಮೇಲಿನ ಜನ ಎಷ್ಟೇ ಕೂಗಿದರೂ, ಪಂಚರು ಕೈ ಎತ್ತುವುದಿಲ್ಲ. ಇನ್ನೊಂದು ಭುಜವೂ ಹತ್ತಬೇಕು. ಮನೆಯವರ ನೆನಪು ಒಂದು ಭುಜ; ಮುದ್ರೆಯೋ, ಬರಹವೋ, ಹೆಸರು ಖಚಿತವಾಗಿರುವ ಮತ್ತೊಂದು ಪಟವೋ, ಬೇರೆ ಮನೆಯ ಮುದುಕರ ಸಾಕ್ಷಿಯೋ ಇನ್ನೊಂದು ಭುಜ. ಎರಡೂ ನೆಲಕ್ಕೆ ತಾಗಿದರೆ ಹೆಸರನ್ನು ಧೈರ್ಯವಾಗಿ ಬರೆಯಿರಿ. ಹೊತ್ತು ಮುಳುಗುವವರೆಗೂ ಯಾರೂ ಚಿತ್ ಆಗದ ಜೋಡಿಯನ್ನು ಪಂಚರು ಬರೋಬರಿಯೆಂದು ಸಾರಿ ಬಿಡಿಸುವರಷ್ಟೆ. ಅಂತಹ ಪಟದ ಹಿಂದೆ ಸೀಸಕಡ್ಡಿಯಿಂದ “ಪಂಚರು” ಎಂದಷ್ಟೇ ಬರೆದು, ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗವನ್ನು ಬಿಟ್ಟು, ಮತ್ತೆ ಅದೇ ಮೊಳೆಗೆ ತೂಗುಹಾಕಿರಿ.