ನಾಲ್ಕನೆಯ ಎಸ್ಟೇಟು

ಪತ್ರಿಕಾಕರ್ತರನ್ನು ಇಂಗ್ಲಿಷಿನಲ್ಲಿ 'ಫೋರ್ತ್ ಎಸ್ಟೇಟ್' ಎಂದು ಕರೆಯುವ ರೂಢಿಯು ವಾಚಕರಿಗೆ ವಿದಿತವೇ ಆಗಿದೆ. ನಮ್ಮವರು ಇದನ್ನು 'ಪ್ರಜಾಪ್ರಭುತ್ವದ ನಾಲ್ಕನೆಯ ಅಂಗ'ವೆಂದು ಕನ್ನಡಿಸಿ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಪಂಕ್ತಿಯಲ್ಲಿ ಪತ್ರಿಕೆಗೂ ಒಂದು ಮಣೆ ಹಾಕಿರುವರು. ಮಾತಿನ ಚರಿತ್ರೆಯನ್ನು ಶೋಧಿಸಿದರೆ ಈ ಅರ್ಥಕ್ಕೆ ಆಧಾರವು ಕಾಣುವುದಿಲ್ಲ.

ಎಸ್ಟೇಟೆಂದರೆ ನಮ್ಮ ಮಲೆನಾಡಿನವರಿಗೆ ಕಾಫಿಯ ತೋಟ. ಇಂಗ್ಲೆಂಡಿನ ಹಳೆಯ ರಾಜ್ಯವ್ಯವಸ್ಥೆಯಲ್ಲಾದರೋ, ಪಾರ್ಲಿಮೆಂಟಿನಲ್ಲಿ ಸ್ಥಾನವುಳ್ಳ ಜನವರ್ಗಕ್ಕೆ ಆ ಹೆಸರು. ಧರ್ಮಾಧಿಕಾರಿಗಳಾದ ಬಿಷಪ್ಪರು, ಶ್ರೀಮಂತ ಪ್ರಭುಗಳು, ಸಾಮಾನ್ಯರು ಎಂದು ಅಂತಹ ವರ್ಗಗಳು ಮೂರು. ನ್ಯಾಯಾಧೀಶರಾಗಲಿ ಮಂತ್ರಿಗಳಾಗಲಿ ಪ್ರತ್ಯೇಕ ಎಸ್ಟೇಟಲ್ಲ. 'ನಾಲ್ಕನೆಯದು' ಎಂಬುದೂ ಮೊದಲು ಪತ್ರಿಕೆಗೆ ಮೀಸಲಾಗಿರಲಿಲ್ಲ. 1752ರಲ್ಲಿ ಕಾದಂಬರಿಕಾರ ಹೆನ್ರಿ ಫೀಲ್ಡಿಂಗನು ಬೀದಿಯ ಜನಜಂಗುಳಿಗೆ ಆ ಹೆಸರನ್ನಿತ್ತನು.

ಪಾರ್ಲಿಮೆಂಟಿನಲ್ಲಿ ವರದಿಗಾರರ ಗ್ಯಾಲರಿಯನ್ನು ತೋರಿಸಿ ಎಡ್ಮಂಡ್ ಬರ್ಕನು ಈ ಮಾತನ್ನಾಡಿದನೆಂದು ಕಾರ್ಲೈಲನು 1840ರ ಉಪನ್ಯಾಸದಲ್ಲಿ ಹೇಳಿದನು. ಬರ್ಕನ ಮುದ್ರಿತ ಗ್ರಂಥಗಳಲ್ಲಿ ಇದು ದೊರೆಯದು. ಆತನು ತೀರಿಕೊಂಡದ್ದು 1797ರಲ್ಲಿ. ಆತನ ಕಾಲದಲ್ಲಿ ಸಭೆಯ ಚರ್ಚೆಗಳನ್ನು ಅಚ್ಚುಹಾಕುವುದೇ ಅಪರಾಧವೆನಿಸಿತ್ತು. 1771ರಲ್ಲಿ ಮುದ್ರಕರ ಪಕ್ಷವಹಿಸಿದುದಕ್ಕಾಗಿ ಲಂಡನ್ನಿನ ಮೇಯರನಾದ ಬ್ರಾಸ್ ಕ್ರಾಸ್ಬಿಯನ್ನೇ ಕಾಮನ್ಸ್ ಸಭೆಯು ಸೆರೆಗೆ ಕಳುಹಿಸಿತು. ಜನರು ಅವನ ಪರವಾಗಿ ಎದ್ದುನಿಂತ ಬಳಿಕ ಸಭೆಯು ಮೆಲ್ಲನೆ ಸುಮ್ಮನಾಯಿತು. ವರದಿಗಾರರಿಗೆಂದು ಆಸನಗಳನ್ನು ಕಾದಿರಿಸಿದುದು 1803ರಲ್ಲಿ; ಅಲ್ಲಿಯವರೆಗೆ ಅವರು ಇತರ ಪ್ರೇಕ್ಷಕರೊಡನೆ ನೂಕಿಕೊಂಡು ಒಳಹೊಗಬೇಕಾಗಿತ್ತು. ಆದುದರಿಂದ ಕಾರ್ಲೈಲನ ಕಥೆಯನ್ನು ಪೂರ್ತಿಯಾಗಿ ನಂಬುವುದು ಕಷ್ಟ. ವರದಿಗಾರರ ಗ್ಯಾಲರಿಗೆ ಈ ಹೆಸರನ್ನು 1828ರಷ್ಟು ಹಿಂದೆಯೇ ಅಚ್ಚಿನಲ್ಲಿ ಕೊಟ್ಟವನು ಮೆಕಾಲೆ. ನಮ್ಮ ವಿದ್ಯಾಭ್ಯಾಸದ ವಿಷಯದಲ್ಲಿ ಅವನನ್ನು ಬೈಯುವವರು ಇದೊಂದನ್ನಾದರೂ ಅವನ ಲೆಕ್ಕಕ್ಕೆ ಜಮಾ ಮಾಡಬಹುದು.

ಆ ಗ್ಯಾಲರಿಯಲ್ಲಿ ಕುಳಿತವನಿಗೆ ಸಭೆಯಲ್ಲಿ ಮತವಿರಲಿಲ್ಲ, ಬಾಯಿಯೂ ಇರಲಿಲ್ಲ. ಹೊರಗಿನವನಾಗಿ ಕೇಳಿ, ಹೊರಗಿನವರಿಗೆ ಹೇಳುವುದೇ ಅವನ ಬಲವಾಗಿತ್ತು. 'ಅಂಗ'ವೆಂದೊಡನೆ ಈ ಹೊರಗುತನವು ಅಳಿಸಿಹೋಗುವುದು. ಅಂಗವು ದೇಹದ ಆಜ್ಞೆಗೆ ಒಳಪಟ್ಟದ್ದಷ್ಟೆ. ನಮ್ಮ ಸಂವಿಧಾನದ 19ನೆಯ ವಿಧಿಯೂ ಪತ್ರಿಕೆಯನ್ನು ಪ್ರತ್ಯೇಕವಾಗಿ ಹೆಸರಿಸದೆ, ವಾಕ್‌ಸ್ವಾತಂತ್ರ್ಯವನ್ನು ಪ್ರಜೆಗಳೆಲ್ಲರಿಗೂ ಕೊಟ್ಟಿದೆ. 'ನಾಲ್ಕನೆಯ ವರ್ಗ'ವೆಂಬುದು ಕಿವಿಗೆ ಅಷ್ಟು ಇಂಪಲ್ಲವಾದರೂ ಅರ್ಥಕ್ಕೆ ಹತ್ತಿರವಾದುದು.

ಮೈಸೂರು ಸಂಸ್ಥಾನದಲ್ಲಿ ಇದು ಬರಿಯ ಪದವಿಚಾರವಾಗಿರಲಿಲ್ಲ. ಅಲ್ಲಿಯ ಸರಕಾರವು 1908ರಲ್ಲಿ ಪತ್ರಿಕೆಗಳನ್ನು ತನ್ನ ಹಿಡಿತಕ್ಕೆ ತರುವ ಕಾನೂನನ್ನು ಮಾಡಿದಾಗ, 'ತಾತಯ್ಯ'ನವರೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅಧೀನರಾಗಿ ಬರೆಯಲೊಲ್ಲದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.