ಬೆಳ್ಳೂರಿನ ಬಡಕಲು ಹುಡುಗ, ಒಂದು ಇಟ್ಟಿಗೆ, ಒಂದು ಹಗ್ಗ

ಈ ಸಲದ ಕಂತು ಬೆಳಗಿನ ಹತ್ತು ನಿಮಿಷದ ಚರಿತ್ರೆ. ಅಂದರೆ ಮೊಬೈಲ್ ಎದುರಿಗಿಟ್ಟುಕೊಂಡು, ಚಾಪೆ ಹಾಸಿ ನಾವು ಮಾಡ್ತೀವಲ್ಲ, ಎರಡು ಸುತ್ತು ಸೂರ್ಯ ನಮಸ್ಕಾರ, ನಾಲ್ಕು ಆಸನ, ಕೊನೆಗೆ ಕಣ್ಣು ಮುಚ್ಚಿ ಉಸಿರಾಟ, ಅದರ ಕಥೆ. ಆ್ಯಪ್‌ಗಳು ಇದನ್ನು ಮಾರುವಾಗ ಎರಡು ಮಾತು ಹೇಳುತ್ತವೆ. ಒಂದು, ಇದೆಲ್ಲ ಸಾವಿರಾರು ವರ್ಷದಿಂದ ಹೀಗೇ ಬಂದಿದೆ. ಇನ್ನೊಂದು, ನಿಮ್ಮನ್ನು ನೀವೇ ಗುಣಪಡಿಸಿಕೊಳ್ಳಬಹುದು, ಬೇರೆ ಯಾರೂ ಬೇಡ. ಮೊದಲನೇದು ಅರ್ಧ ಸತ್ಯ. ನನಗೆ ತಕರಾರು ಇರೋದು ಎರಡನೇದರ ಬಗ್ಗೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್‌ನಲ್ಲಿ ಒಂದು ಮಗು ಹುಟ್ಟಿತು. ಆ ವರ್ಷ ಇನ್‌ಫ್ಲುಯೆಂಜಾ ಊರೂರು ಸುತ್ತುತ್ತಿತ್ತು, ತಾಯಿಗೂ ಅದೇ ಜ್ವರ. ಮನೆ ತುಂಬ ಮಕ್ಕಳು. ಮೇಷ್ಟರಾಗಿದ್ದ ತಂದೆ, ಈ ಹುಡುಗನಿಗೆ ಸುಮಾರು ಒಂಬತ್ತು ವರ್ಷ ಆದಾಗ ತೀರಿಕೊಂಡರು. ಮಲೇರಿಯಾ, ಟೈಫಾಯ್ಡ್, ಆಮೇಲೆ ಕ್ಷಯ, ಒಂದರ ಹಿಂದೆ ಒಂದು ಬಂದವು. ಸಣಕಲು ಕೈಕಾಲು, ದೊಡ್ಡದಾಗಿ ಕಾಣುವ ತಲೆ. ಕ್ಷಯಕ್ಕೆ ಕೆಲಸ ಮಾಡಿದ ಮೊದಲ ಔಷಧ ಸ್ಟ್ರೆಪ್ಟೋಮೈಸಿನ್ ಬಂದಿದ್ದು 1940ರ ದಶಕದಲ್ಲಿ. ಅದಕ್ಕೆ ಮುಂಚೆ ಡಾಕ್ಟರು ಹೇಳಬಹುದಾಗಿದ್ದು ಒಳ್ಳೇ ಗಾಳಿ, ಒಳ್ಳೇ ಊಟ, ವಿಶ್ರಾಂತಿ, ಅಷ್ಟೇ.

1934ರಲ್ಲಿ ಮೈಸೂರಿನಿಂದ ಭಾವ ಬಾ ಅಂದರು. ಭಾವನ ಹೆಸರು ತಿರುಮಲೈ ಕೃಷ್ಣಮಾಚಾರ್ಯ, ಚಿತ್ರದುರ್ಗದ ಕಡೆಯವರು. ಅದರ ಹಿಂದಿನ ವರ್ಷವಷ್ಟೇ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರು ಮಾಡಿದ್ದರು. 1934ರಲ್ಲೇ ಅವರ ‘ಯೋಗ ಮಕರಂದ’ ಬಂತು, ಕನ್ನಡದಲ್ಲಿ. ಇವತ್ತು ಜಗತ್ತಿನಾದ್ಯಂತ ನಡೆಯೋ ಯೋಗ ಕ್ಲಾಸುಗಳ ಬೇರು ಹುಡುಕುತ್ತಾ ಹೋದವರು ಕೊನೆಗೆ ಒಂದು ಕನ್ನಡ ಪುಸ್ತಕದ ಮುಂದೆ ಬಂದು ನಿಲ್ಲುತ್ತಾರೆ! ಈ ವಿಷಯ ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಭಾವ ಅಂದ ಕೂಡಲೇ ಸಲುಗೆ ಅಂದುಕೊಳ್ಳಬೇಡಿ. ಮೊದಮೊದಲು ಹುಡುಗನಿಗೆ ಮನೆಗೆಲಸವೇ ಹೆಚ್ಚು, ಪಾಠ ಇಲ್ಲವೇ ಇಲ್ಲ ಅನ್ನುವಷ್ಟು. ಒಂದು ಪ್ರದರ್ಶನ ಹತ್ತಿರ ಬಂದಾಗ ಪಟ್ಟಶಿಷ್ಯ ಮನೆ ಬಿಟ್ಟು ಓಡಿಹೋದ. ಆ ಜಾಗಕ್ಕೆ ಯಾರಾದರೂ ಬೇಕಿತ್ತು, ಇದ್ದವನು ಈ ಬಾಮೈದ. ಅವಸರದಲ್ಲಿ ಕಲಿಸಿದ ಆಸನಗಳು. ಕಾಲುಗಳನ್ನು ಹಿಂದೆ ಮುಂದೆ ನೆಲಕ್ಕೆ ಚಾಚಿ ಕೂರುವ ಹನುಮಾನಾಸನ ಮಾಡು ಅಂದಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಇದನ್ನೆಲ್ಲ ಅವರೇ ಮುಂದೆ ಹೇಳಿಕೊಂಡಿದ್ದಾರೆ, ಗುರುವಿನ ಮೇಲಿನ ಗೌರವ ಕಡಿಮೆ ಮಾಡಿಕೊಳ್ಳದೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಕ್ಷಯದಿಂದ ಎದ್ದ ಹುಡುಗನಿಗೆ ಹಾಗೆ ಮಾಡೋದನ್ನ ಚಿಕಿತ್ಸೆ ಅಂತ ಕರೆಯೋಕೆ ಬಾಯಿ ಬರೋಲ್ಲ.

ಇಲ್ಲಿ ಮೈಸೂರಿನದೇ ಇನ್ನೊಂದು ಕಟ್ಟಡದ ಬಗ್ಗೆ ಹೇಳಬೇಕು. ಮೈಸೂರಿನವರು ಪಿಕೆಟಿಬಿ ಅಂತ ಕರೆಯೋ ಆಸ್ಪತ್ರೆ. ಪೂರ್ತಿ ಹೆಸರಿನಲ್ಲಿ ಇರೋದು ರಾಜಕುಮಾರಿ ಕೃಷ್ಣಾಜಮ್ಮಣ್ಣಿ, ನಾಲ್ವಡಿಯವರ ತಂಗಿ. ಆಕೆ ಕ್ಷಯದಿಂದ ತೀರಿಕೊಂಡರು, ಆಕೆಯ ಮೂವರು ಹೆಣ್ಣುಮಕ್ಕಳೂ ಕೂಡ. ಅರಮನೆಯ ಗೋಡೆ ಕ್ಷಯವನ್ನು ತಡೆಯಲಿಲ್ಲ. ತಂಗಿಯ ನೆನಪಿಗೆ ಮಹಾರಾಜರು ಸ್ಯಾನಿಟೋರಿಯಂ ಕಟ್ಟಿಸಿದರು. ಯೋಗಶಾಲೆಗೆ ದುಡ್ಡು ಕೊಟ್ಟ ಕೈ, ಸ್ಯಾನಿಟೋರಿಯಂ ಕಟ್ಟಿಸಿದ ಕೈ, ಎರಡೂ ಒಂದೇ. ಯೋಗ ಇದೆ, ಹಾಗಾಗಿ ಆಸ್ಪತ್ರೆ ಯಾಕೆ ಅಂತ ಅವರು ಕೇಳಲಿಲ್ಲ. ಈಗಿನ ರೀಲ್ಸ್‌ಗಳಲ್ಲಿ ಆ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತೆ.

ಈಗ ಆ ಅರ್ಧ ಸತ್ಯದ ವಿಷಯ. ಧ್ಯಾನ, ಪ್ರಾಣಾಯಾಮ ನಿಜವಾಗಿ ಹಳೆಯವು. ಆದರೆ ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರೋದು ಮೂರೇ ಸೂತ್ರ. ಸೂರ್ಯನಿಗೆ ಕೈಮುಗಿಯೋದು ಹಳೆಯದು, ಅದನ್ನು ದಿನಾ ಎಣಿಸಿ ಮಾಡುವ ವ್ಯಾಯಾಮವಾಗಿ ಮನೆಮನೆಗೆ ತಲುಪಿಸಿದ್ದು ಮಾತ್ರ ಮಹಾರಾಷ್ಟ್ರದ ಔಂಧ್ ಎಂಬ ಪುಟ್ಟ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಅವರು ಮೊದಲು ಯುರೋಪಿನ ಪೈಲ್ವಾನ್ ಯೂಜಿನ್ ಸ್ಯಾಂಡೋನ ಪುಸ್ತಕ, ಸಲಕರಣೆ ತರಿಸಿ ವರ್ಷಗಟ್ಟಲೆ ಕಸರತ್ತು ಮಾಡಿದವರು. ಆಮೇಲೆ ಸೂರ್ಯ ನಮಸ್ಕಾರಕ್ಕೆ ಬಂದು, ತಮ್ಮ ಶಾಲೆಗಳಲ್ಲಿ ಅದನ್ನು ಜಾರಿಗೆ ತಂದರು, 1938ರಲ್ಲಿ ಲಂಡನ್ನಿನಲ್ಲಿ ಪುಸ್ತಕವೂ ಬಂತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಕೂಡ ಸೂರ್ಯ ನಮಸ್ಕಾರದ ಪುಸ್ತಕ ಬರೆದರು, ಅಂಚೆ ಮೂಲಕ ವ್ಯಾಯಾಮ ಪಾಠ ಕಳಿಸುತ್ತಿದ್ದರು. ಹೌದು, ‘ಶಾಂತಲಾ’ ಕಾದಂಬರಿ ಬರೆದ ಅದೇ ಅಯ್ಯರ್. ಬಿ.ಕಾಂ ಓದಿದ ನನಗೆ ಇದು ಆಗಿನ ಕಾಲದ ಸಬ್‌ಸ್ಕ್ರಿಪ್ಷನ್ ಮಾಡೆಲ್ ಥರ ಕಾಣುತ್ತೆ, ಲಕೋಟೆಯಲ್ಲಿ ಬರೋ ಆ್ಯಪ್.

ಬೆಳ್ಳೂರಿನ ಹುಡುಗನ ಕಡೆ ಬರೋಣ. 1937ರಲ್ಲಿ ಗುರುಗಳು ಅವನನ್ನು ಪುಣೆಗೆ ಪಾಠ ಮಾಡೋಕೆ ಕಳಿಸಿದರು. ವಯಸ್ಸು ಹದಿನೆಂಟು. ಬಂದಿದ್ದು ಆರು ತಿಂಗಳ ಕೆಲಸಕ್ಕೆ. ಮರಾಠಿ ಬರೋದಿಲ್ಲ, ಇಂಗ್ಲಿಷ್ ಅಲ್ಪಸ್ವಲ್ಪ. ಎದುರಿಗೆ ಕೂತ ವಿದ್ಯಾರ್ಥಿಗಳು ಇವನಿಗಿಂತ ಓದಿದವರು, ಗಟ್ಟಿಮುಟ್ಟಾದವರು. ಊಟಕ್ಕೂ ಪರದಾಡಿದ ದಿನಗಳಿದ್ದವು. ಕೇಳೋಕೆ ಗುರು ಪಕ್ಕದಲ್ಲಿಲ್ಲ, ಮೈಗೆ ಮಾತ್ರ ಹಳೇ ನೋವುಗಳೆಲ್ಲ ನೆನಪಿವೆ. ಎಲ್ಲಿ ಎಳೆದರೆ ಹರಿಯುತ್ತೆ, ಎಲ್ಲಿ ಆಸರೆ ಕೊಟ್ಟರೆ ಬಿಡಿಸಿಕೊಳ್ಳುತ್ತೆ ಅಂತ ತನ್ನ ಮೇಲೇ ಪ್ರಯೋಗ ಶುರುವಾಯ್ತು. ಬಗ್ಗಿದಾಗ ಕೈ ನೆಲಕ್ಕೆ ಎಟಕದಿದ್ದರೆ ಕೆಳಗೆ ಇಟ್ಟಿಗೆ. ಬೆನ್ನು ಜೋತುಬಿದ್ದರೆ ಗೋಡೆಗೆ ಹಗ್ಗ. ನಿಲ್ಲಲಾಗದವರಿಗೆ ಕುರ್ಚಿ. ಯೋಗದ ಅಂಗಡಿಗಳಲ್ಲಿ ಬಣ್ಣಬಣ್ಣದ ಬ್ಲಾಕ್, ಬೆಲ್ಟ್ ಅಂತ ನೇತುಹಾಕಿರೋ ಸಾಮಾನು ಹುಟ್ಟಿದ್ದು ಹೀಗೆ, ಬಾಗದ ಮೈಯೊಂದರ ಕಷ್ಟದಿಂದ.

1943ರಲ್ಲಿ ರಮಾಮಣಿ ಅವರೊಂದಿಗೆ ಮದುವೆ. ಯಜಮಾನರಿಂದಲೇ ಆಸನ ಕಲಿತ ಆಕೆ, ಆಮೇಲೆ ಅವರು ಅಭ್ಯಾಸ ಮಾಡುವಾಗ ಎದುರು ನಿಂತು ಎಲ್ಲಿ ಸೊಟ್ಟಗಿದೆ ಅಂತ ನೋಡಿ ತಿದ್ದುತ್ತಿದ್ದರು. ಯೋಚಿಸಿ ನೋಡಿ, ನಮ್ಮ ಬೆನ್ನು ನಮಗೆ ಕಾಣೋದಿಲ್ಲ. 1952ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಮುಂಬೈಗೆ ಬಂದಾಗ ಬಳಲಿ ಹೋಗಿದ್ದರು, ನಿದ್ದೆ ಬರುತ್ತಿರಲಿಲ್ಲ. ಅಯ್ಯಂಗಾರ್ ಅವರನ್ನು ಮಲಗಿಸಿದ ಕೆಲವೇ ನಿಮಿಷಕ್ಕೆ ನಿದ್ದೆ ಹೋದರು. ಅಷ್ಟು ದೊಡ್ಡ ಕಲಾವಿದನಿಗೂ ನಿದ್ದೆ ಬರಿಸೋಕೆ ಇನ್ನೊಬ್ಬರು ಬೇಕಾಯ್ತು.

ನಿಮಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ, ಈ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. ಮೊದಲ ‘ಬಿ’ ಅಂದರೆ ಬೆಳ್ಳೂರು. 1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ ಎಷ್ಟೋ ಭಾಷೆಗಳಿಗೆ ಹೋಯಿತು. ಅತ್ತ ಮೈಸೂರಿನ ಯೋಗಶಾಲೆ ಅಷ್ಟು ಬಾಳಲಿಲ್ಲ. 1940ರಲ್ಲಿ ನಾಲ್ವಡಿ ತೀರಿಕೊಂಡರು, ರಾಜಾಶ್ರಯದ ಕಾಲ ಮುಗಿಯಿತು, 1950ರಲ್ಲಿ ಬಾಗಿಲು ಮುಚ್ಚಿತು.

‘ಸೆಲ್ಫ್ ಹೀಲಿಂಗ್’ ಅನ್ನೋ ಮಾತಿನಲ್ಲಿ ನನ್ನನ್ನು ಚುಚ್ಚೋದು ಇದೇ. ಕಾಯಿಲೆ ವಾಸಿಯಾಗದಿದ್ದರೆ, ಮನಸ್ಸಿನ ಭಾರ ಇಳಿಯದಿದ್ದರೆ, ತಪ್ಪು ನಿಮ್ಮದೇ, ನೀವು ಸರಿಯಾಗಿ ಮಾಡಲಿಲ್ಲ ಅಂತ ಅದು ಮೆಲ್ಲಗೆ ಹೇಳಿಬಿಡುತ್ತೆ. ಅಯ್ಯಂಗಾರ್ ಮೈಯನ್ನು ತಾವೇ ರಿಪೇರಿ ಮಾಡಿಕೊಂಡವರು ನಿಜ, ದಿನಕ್ಕೆ ಗಂಟೆಗಟ್ಟಲೆ, ಎಂಟು ದಶಕ. ಆದರೆ ಅಕ್ಕನ ಮನೆ ಇತ್ತು, ಅರಮನೆಯ ದುಡ್ಡಿತ್ತು, ಎದುರು ನಿಂತು ತಿದ್ದೋ ಹೆಂಡತಿ ಇದ್ದರು. 2014ರ ಆಗಸ್ಟ್‌ನಲ್ಲಿ, 95ನೇ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದು ಪುಣೆಯ ಒಂದು ಆಸ್ಪತ್ರೆಯಲ್ಲಿ.

ಹೆಸರು, ಹಣ ಬಂದ ಮೇಲೆ ಅವರು ಹುಟ್ಟೂರನ್ನು ಮರೆಯಲಿಲ್ಲ. ತಂದೆ ತಾಯಿಯ ಹೆಸರಿನಲ್ಲಿ ಟ್ರಸ್ಟ್ ಮಾಡಿ ಬೆಳ್ಳೂರಿನಲ್ಲಿ ಪತಂಜಲಿಗೆ ಒಂದು ಗುಡಿ ಕಟ್ಟಿಸಿದರು. ಮಕ್ಕಳಿಗೆ ಪುಸ್ತಕ, ಬಟ್ಟೆ, ಮಧ್ಯಾಹ್ನದ ಬಿಸಿ ಊಟ ಕೊಡೋ ಶಾಲೆ ಕಟ್ಟಿಸಿದರು. ಜೊತೆಗೆ ದುಡ್ಡು ಕೇಳದ ಒಂದು ಆಸ್ಪತ್ರೆ.